ಸೇತುವೆ ದಾಟಿದವರು ಯಾರು?

ಇತಿಹಾಸ ಕಲಿಸುವ ಮೇಷ್ಟ್ರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವುದು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ತಮ್ಮೂರಿನ ದೇವಸ್ಥಾನ ಸಾವಿರ ವರ್ಷದ್ದು ಎಂದರೆ ಸಾಕು, ‘ಶಾಸನ ಏನಾದರೂ ಇದೆಯೇ?’ ಎಂದು ಕೇಳಿ ಅವರ ಪಾಯಸದ ರುಚಿ ಕೆಡಿಸಿದವನು ನಾನು. ಇಂಥ ನಾನೇ ಇಪ್ಪತ್ತೈದು ವರ್ಷಗಳ ಕಾಲ ಒಂದು ಕತೆಯನ್ನು ಯಾವ ಆಧಾರವೂ ಇಲ್ಲದೆ ಹೇಳಿಕೊಂಡು ಬಂದೆ. 1999ರ ಮಳೆಗಾಲದಲ್ಲಿ ವಿಡಿಯೋ ಗೇಮಿನೊಳಗಿನ ಒಂದು ಹೆಗ್ಗಣವನ್ನು ಮುರುಕು ಸೇತುವೆ ದಾಟಿಸಿದ ಕತೆ ಅದು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗರು ತಲೆ ತಗ್ಗಿಸಿ ಬಂದಾಗಲೆಲ್ಲ, ‘ನೋಡಯ್ಯಾ, ನಾನು ನೂರು ಸಲ ಬಿದ್ದೆ, ನೂರ ಒಂದನೆಯ ಸಲ ದಾಟಿದೆ’ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದೆ. ಕೆಲವರು ಆಮೇಲೆ ಪಾಸಾದದ್ದೂ ಉಂಟು. ಆ ಕತೆಗೂ ಆಧಾರ ಕೇಳುವ ಹೊತ್ತು ಬಂದದ್ದು ಅದೇ ಆಟವನ್ನು ಮತ್ತೆ ಆಡಲು ಕೂತಾಗ.

ಮಗ ಓದಲಿಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ಅವನ ಪ್ಲೇಸ್ಟೇಷನ್ 4 ಯಂತ್ರ ನಮ್ಮ ಚಾವಡಿಯಲ್ಲಿ ಟಿ.ವಿ.ಯ ಕೆಳಗೆ ಧೂಳು ಹಿಡಿಯುತ್ತ ಕೂತಿತ್ತು. ಜೋರು ಮಳೆಯೆಂದು ಜಿಲ್ಲಾಧಿಕಾರಿಗಳು ಕಾಲೇಜಿಗೆ ರಜೆ ಕೊಟ್ಟ ಒಂದು ದಿನ, ಮಾಡಲು ಬೇರೆ ಕೆಲಸವಿಲ್ಲದೆ, ಅವನ ಡಿಸ್ಕುಗಳ ರಾಶಿ ಕೆದಕಿದೆ. ಒಂದು ಡಬ್ಬಿಯ ಮೇಲಿಂದ ಕಿತ್ತಳೆ ಬಣ್ಣದ ಮುಖವೊಂದು ಹಲ್ಲು ಕಿರಿದು ನೋಡಿತು. ಬಹಳ ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಾಲ್ಯದ ಗೆಳೆಯ ಸಿಕ್ಕಿದ ಹಾಗಾಯಿತು. ಅದು ಕ್ರ್ಯಾಶ್ ಬ್ಯಾಂಡಿಕೂಟ್. 1996, 1997 ಮತ್ತು 1998ರಲ್ಲಿ ಒಂದರ ಹಿಂದೊಂದು ಬಂದ ಮೂರು ಆಟಗಳನ್ನು 2017ರಲ್ಲಿ ಹೊಸದಾಗಿ ಕಟ್ಟಿ ‘ಎನ್. ಸೇನ್ ಟ್ರಿಲಜಿ’ ಎಂಬ ಹೆಸರಿನಲ್ಲಿ ಒಂದೇ ಡಿಸ್ಕಿನಲ್ಲಿ ಹೊರತಂದಿದ್ದರು.

ಈ ಆಟಗಳನ್ನು ಕಾಣದವರಿಗೆ ಎರಡು ಮಾತು. ಇವು ಓಡಿ, ನೆಗೆದು, ಹೊಂಡ ದಾಟಿ ಮುಂದೆ ಸಾಗುವ ಆಟಗಳು. ಪ್ಲಾಟ್‌ಫಾರ್ಮ್ ಆಟ ಎನ್ನುತ್ತಾರೆ. ನಾಯಕನಿಗೆ ಬರುವ ಮುಖ್ಯ ವಿದ್ಯೆ ಎರಡು: ಹಾರುವುದು ಮತ್ತು ಬುಗುರಿಯ ಹಾಗೆ ಗಿರಗಿರ ತಿರುಗಿ ಎದುರು ಬಂದವರನ್ನು ಹೊಡೆದುರುಳಿಸುವುದು. ದಾರಿಯಲ್ಲಿ ಮರದ ಪೆಟ್ಟಿಗೆಗಳನ್ನು ಒಡೆಯಬೇಕು, ಹಣ್ಣು ಆಯಬೇಕು, ಹೊಂಡಕ್ಕೆ ಬಿದ್ದರೆ ಒಂದು ಜೀವ ಕಳೆದುಕೊಳ್ಳಬೇಕು. ಕೊನೆಗೆ ಕಾರ್ಟೆಕ್ಸ್ ಎಂಬ ತಲೆದಪ್ಪದ ವಿಜ್ಞಾನಿಯನ್ನು ಸೋಲಿಸಬೇಕು. ಪುರಾಣದ ರಾಕ್ಷಸರಿಗೆ ಹೋಲಿಸಿದರೆ ಅವನು ಏನೂ ಅಲ್ಲ. ದಾರಿಯ ಹೊಂಡಗಳೇ ನಿಜವಾದ ರಾಕ್ಷಸರು.

ನಾಯಕನ ಹೆಸರಿನಲ್ಲೊಂದು ತಮಾಷೆಯಿದೆ. ಬ್ಯಾಂಡಿಕೂಟ್ ಎಂಬ ಇಂಗ್ಲಿಷ್ ಶಬ್ದ ಹುಟ್ಟಿದ್ದು ತೆಲುಗಿನ ‘ಪಂದಿಕೊಕ್ಕು’ ಎಂಬ ಮಾತಿನಿಂದ. ಪಂದಿ ಎಂದರೆ ಹಂದಿ, ನಮ್ಮ ನೆರೆಯ ತುಳುವಿನಲ್ಲಿ ಪಂಜಿ. ಕೊಕ್ಕು ಎಂದರೆ ಇಲಿ. ಹಂದಿಯಂಥ ಇಲಿ, ಅಂದರೆ ನಮ್ಮ ಹೆಗ್ಗಣ. ಈ ನೆಲದಲ್ಲಿ ಹೆಗ್ಗಣ ಕಂಡಿದ್ದ ಇಂಗ್ಲಿಷರ ಬಾಯಲ್ಲಿ ಆ ಶಬ್ದ ಆಸ್ಟ್ರೇಲಿಯಕ್ಕೆ ಹೋಗಿ, ಅಲ್ಲಿ ಮೂತಿ ಚೂಪಾದ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಬೇರೆಯೇ ಪ್ರಾಣಿಯ ತಲೆಗೆ ಕೂತಿತು. ಅಲ್ಲಿಂದ ಅಮೆರಿಕದ ಆಟಕ್ಕೆ ಬಂತು. ಆಟದ ನಾಯಕ ಕುಲದಲ್ಲಿ ಆಸ್ಟ್ರೇಲಿಯದವನೇ ಆದರೂ ಹೆಸರಿನಿಂದ ನಮ್ಮ ಹಟ್ಟಿಯ ಹೆಗ್ಗಣದ ದಾಯಾದಿ. ಹಾಗಾಗಿ ನಾನಿಲ್ಲಿ ಅವನನ್ನು ಹೆಗ್ಗಣರಾಯ ಎಂದರೆ ಯಾರೂ ಆಕ್ಷೇಪಿಸಬಾರದು.

ಹೆಗ್ಗಣರಾಯನ ಜನಕರು ಇಬ್ಬರು, ಆಂಡಿ ಗೇವಿನ್ ಮತ್ತು ಜೇಸನ್ ರೂಬಿನ್. ಬಾಲ್ಯದ ಗೆಳೆಯರು, 1984ರಲ್ಲಿ, ಇನ್ನೂ ಹುಡುಗರಾಗಿದ್ದಾಗಲೇ, ಆಟ ಬರೆಯುವ ಕಂಪನಿ ಕಟ್ಟಿದವರು. 1989ರಲ್ಲಿ ಅದಕ್ಕೆ ನಾಟಿ ಡಾಗ್ ಎಂದು ಹೆಸರಿಟ್ಟರು. 1994ರ ಬೇಸಿಗೆಯಲ್ಲಿ ಇಬ್ಬರೂ ಕಾರಿನಲ್ಲಿ ಬಾಸ್ಟನ್ನಿನಿಂದ ಲಾಸ್ ಏಂಜಲಿಸ್‌ಗೆ, ಅಂದರೆ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಹೊರಟರು. ಜೊತೆಗೆ ಮಾರ್ಗನ್ ಎಂಬ ನಾಯಿ. ದಾರಿಯುದ್ದಕ್ಕೂ ಒಂದೇ ಮಾತು. ಅಲ್ಲಿಯವರೆಗೆ ಇಂಥ ಆಟಗಳ ನಾಯಕರು ಪರದೆಯ ಮೇಲೆ ಎಡದಿಂದ ಬಲಕ್ಕೆ, ತೊಗಲುಬೊಂಬೆಗಳ ಹಾಗೆ ಓಡುತ್ತಿದ್ದರು. ಅದೇ ಓಟವನ್ನು ಪರದೆಯ ಒಳಕ್ಕೆ, ಆಳಕ್ಕೆ ತಿರುಗಿಸಿದರೆ ಹೇಗೆ? ಹಾಗೆ ಮಾಡಿದರೆ ಆಡುವವನಿಗೆ ಹೆಚ್ಚು ಹೊತ್ತು ಕಾಣುವುದು ನಾಯಕನ ಬೆನ್ನೇ. ಬೆನ್ನು ನೋಡಿಯೇ ಅವನ ಮೇಲೆ ಪ್ರೀತಿ ಹುಟ್ಟಬೇಕು! ಲಾಸ್ ಏಂಜಲಿಸ್‌ನಲ್ಲಿ ಯೂನಿವರ್ಸಲ್ ಸಂಸ್ಥೆಯ ಮಾರ್ಕ್ ಸರ್ನಿ ಇವರ ಬೆನ್ನಿಗೆ ನಿಂತ. ಟಾಸ್ಮೇನಿಯಾದ ಸಸ್ತನಿಗಳ ಕೈಪಿಡಿಯೊಂದನ್ನು ಕೊಂಡು, ಹೆಚ್ಚು ಜನರಿಗೆ ಗೊತ್ತಿಲ್ಲದ ಪ್ರಾಣಿಗಳನ್ನು ಗುರುತು ಹಾಕಿಕೊಂಡರು. ಮೊದಲು ವೊಂಬ್ಯಾಟ್ ಆಗಿದ್ದ ನಾಯಕ ಕೊನೆಗೆ ಬ್ಯಾಂಡಿಕೂಟ್ ಆದ.

ಅವನಿಗೆ ಕಿತ್ತಳೆ ಬಣ್ಣ ಬಂದದ್ದಕ್ಕೂ ಕಾರಣವಿದೆ. ಕಾಡಿನ ಹಸಿರಿನ ಮೇಲೆ ಅದು ಎದ್ದು ಕಾಣುತ್ತದೆ. ಕೆಂಪು ಹಾಕಿದರೆ ಆಗಿನ ಟಿ.ವಿ.ಗಳಲ್ಲಿ ಬಣ್ಣ ಅಂಚಿನಾಚೆ ಹರಡಿಕೊಳ್ಳುತ್ತಿತ್ತು. ತಲೆ ದೊಡ್ಡದಾದದ್ದು ಚುಕ್ಕಿಗಳು ಕಡಿಮೆಯಿದ್ದ ಪರದೆಯಲ್ಲೂ ಮುಖಭಾವ ಕಾಣಲೆಂದು. ಯಂತ್ರದ ಮುಖ್ಯ ಸ್ಮೃತಿ ಬರೇ 2 ಮೆಗಾಬೈಟು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಹೆಗ್ಗಣರಾಯನ ಇಡೀ ಶರೀರವನ್ನು ಐನೂರು ಚಿಲ್ಲರೆ ತ್ರಿಕೋನಗಳಲ್ಲಿ ಮುಗಿಸಿದರು. ಡಿಸ್ಕಿನಲ್ಲಿ 600 ಮೆಗಾಬೈಟಿಗೂ ಹೆಚ್ಚು ಜಾಗವಿತ್ತು, ಆದರೆ ಅದೆಲ್ಲ ಒಮ್ಮೆಗೇ ಯಂತ್ರದ ಹೊಟ್ಟೆಗೆ ಹಿಡಿಸುವಂತಿರಲಿಲ್ಲ. ಹಾಗಾಗಿ ಒಂದೊಂದು ಹಂತವನ್ನೂ 64 ಕಿಲೋಬೈಟಿನ ತುಂಡುಗಳಾಗಿ ಸೀಳಿ, ನಾಯಕ ಮುಂದೆ ಹೋದ ಹಾಗೆ ಎದುರಿನ ತುಂಡನ್ನು ಡಿಸ್ಕಿನಿಂದ ಎತ್ತಿಕೊಂಡು, ಹಿಂದಿನದನ್ನು ಬಿಟ್ಟುಬಿಡುವ ಏರ್ಪಾಡು ಮಾಡಿದರು. ದೊಡ್ಡ ಪಂಕ್ತಿಯಲ್ಲಿ ಬಡಿಸುವವರು ಮಾಡುವುದೂ ಇದನ್ನೇ. ಅನ್ನದ ಕೊಪ್ಪರಿಗೆಯನ್ನು ಯಾರೂ ಎಲೆಯ ಮುಂದೆ ತಂದಿಡುವುದಿಲ್ಲ; ಸಾರು ಮುಗಿಯುವ ಹೊತ್ತಿಗೆ ಸರಿಯಾಗಿ ಹುಳಿ ಬರಬೇಕು. ದಾರಿಯ ಯಾವ ಜಾಗದಲ್ಲಿ ನಿಂತರೆ ಏನೇನು ಕಾಣುತ್ತದೆ ಎಂಬುದನ್ನೆಲ್ಲ ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಅದೇ ವರ್ಷ ಬಂದ ಮಾರಿಯೋನ ಆಟದಲ್ಲಿ ಮನಸ್ಸು ಬಂದತ್ತ ಅಲೆಯಬಹುದಿತ್ತು. ಹೆಗ್ಗಣರಾಯನಿಗೆ ಇದ್ದದ್ದು ಇಕ್ಕಟ್ಟಾದ ಒಂದೇ ಓಣಿ, ಆದರೆ ಆ ಓಣಿಯ ಎಲೆ ಎಲೆಯೂ ಕಣ್ಣು ತುಂಬುವಂತಿತ್ತು.

ಈ ಓಣಿ ಕುಂದಾಪುರದ ಹತ್ತಿರದ ನಮ್ಮ ಮನೆಯವರೆಗೆ ಬಂದದ್ದು 1999ರ ಜೂನ್‌ನಲ್ಲಿ. ದುಬೈಯಲ್ಲಿದ್ದ ಸೋದರಮಾವ ರಜೆಯಲ್ಲಿ ಬರುವಾಗ ಬೂದು ಬಣ್ಣದ ಒಂದು ಪ್ಲೇಸ್ಟೇಷನ್ ತಂದು, ತಿರುಗಿ ಹೋಗುವಾಗ ‘ಮಕ್ಕಳಿಗಿರಲಿ’ ಎಂದು ಬಿಟ್ಟು ಹೋದರು. ಮಕ್ಕಳೆಂದರೆ ಮಂಗಳಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ನಾನು ಮತ್ತು ಎರಡನೆಯ ಪಿ.ಯು.ಸಿ.ಯಲ್ಲಿದ್ದ ತಂಗಿ. ನಾನು ಹಾಸ್ಟೆಲ್ಲಿನಿಂದ ಶನಿವಾರ ಸಂಜೆ ಬರುತ್ತಿದ್ದೆ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ನಾನು ಬಂದಾಗ ಯಂತ್ರ ನನ್ನದು. ಆಡಿಸುವ ಹಿಡಿಗೆ ಅಮ್ಮನ ಬಾಯಲ್ಲಿ ‘ರಿಮೋಟು’ ಎಂದು ಹೆಸರು. ‘ರಿಮೋಟ್ ಅಣ್ಣನಿಗೆ ಕೊಡು, ಅವನು ವಾರಕ್ಕೊಂದು ಸಲ ಬರೂದು’ ಎಂದು ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದಳು. ನಾನು ಊಟಕ್ಕೆ ಎದ್ದಾಗ ತಂಗಿಗೆ ಪಾಳಿ. ಉಳಿದ ಹೊತ್ತು ಅವಳು ಪಕ್ಕದಲ್ಲಿ ಕೂತು ನೋಡಬೇಕು. ಹೀಗಿತ್ತು ನಮ್ಮ ಮನೆಯ ಸಂವಿಧಾನ.

ಮೊದಲ ಆಟದಲ್ಲಿ ಒಂದು ಪೀಡೆಯಿತ್ತು. ಆಡಿದ್ದನ್ನು ಉಳಿಸಿಕೊಳ್ಳಲು ಬೇಕೆಂದಾಗ ಆಗುತ್ತಿರಲಿಲ್ಲ. ಕೆಲವು ಹಂತಗಳಲ್ಲಿ ಅಡಗಿದ ಮೂರು ಗುರುತುಗಳನ್ನು ಕೂಡಿಸಿ, ಅದರಿಂದ ತೆರೆಯುವ ಬೋನಸ್ ಓಣಿಯನ್ನು ಬೀಳದೆ ಮುಗಿಸಬೇಕು, ಇಲ್ಲವೇ ಒಂದು ಹರಳನ್ನು ಗೆಲ್ಲಬೇಕು. ಆಗ ಮಾತ್ರ ಉಳಿಸುವ ಅವಕಾಶ. ಅದಕ್ಕೆ ಮೆಮೊರಿ ಕಾರ್ಡ್ ಎಂಬ ಪುಟ್ಟ ವಸ್ತು ಬೇಕಿತ್ತು. ಮಾವ ಅದನ್ನು ತಂದಿರಲಿಲ್ಲ. ಕಾರ್ಡಿಲ್ಲದ ಬಡವರಿಗೆ ಯಂತ್ರ ಒಂದು ಪಾಸ್‌ವರ್ಡ್ ಕೊಡುತ್ತಿತ್ತು: ರಿಮೋಟಿನ ಗುಂಡಿಗಳ ಮೇಲಿರುವ ತ್ರಿಕೋನ, ಚೌಕ, ವೃತ್ತ, ಕತ್ತರಿ ಗುರುತುಗಳ ಒಂದು ಸಾಲು. ಬರೆದಿಟ್ಟುಕೊಂಡು ಮರುದಿನ ಅದನ್ನೇ ಒತ್ತಿದರೆ ಬಿಟ್ಟ ಜಾಗದಿಂದ ಮುಂದುವರಿಯಬಹುದು. ನಮ್ಮೂರಿನ ಮಳೆಗಾಲದ ಕರೆಂಟು ನಿಮಗೆ ಗೊತ್ತಲ್ಲ. ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಎರಡು ಗಂಟೆಯ ಪರಾಕ್ರಮ ನೀರಿನಲ್ಲಿ ಹೋಮ.

ಕಾರ್ಡಿದ್ದವರೂ ಪೂರ್ತಿ ಸುಖಿಗಳಾಗುವಂತಿರಲಿಲ್ಲ ಎಂಬುದಕ್ಕೆ ಒಂದು ಕತೆಯಿದೆ. ಆಟ ಹೊರಬರುವ ಮುಂಚೆ, ಕಾರ್ಡಿನಲ್ಲಿ ಉಳಿಸಿದ್ದು ಒಮ್ಮೊಮ್ಮೆ ಅಳಿಸಿಹೋಗುವುದು ತಯಾರಕರ ಗಮನಕ್ಕೆ ಬಂತು. ಡೇವ್ ಬ್ಯಾಗೆಟ್ ಎಂಬ ಪ್ರೋಗ್ರಾಮರ್ ಕಾರಣ ಹುಡುಕಲು ತಾನು ಬರೆದದ್ದನ್ನೇ ತುಂಡು ತುಂಡಾಗಿ ಕಿತ್ತು ನೋಡುತ್ತ ಹೋದ. ಎಲ್ಲ ಕಿತ್ತ ಮೇಲೂ ಸಂಶಯ ಉಳಿದದ್ದು ಒಂದು ಗಡಿಯಾರದ ಮೇಲೆ. ಯಂತ್ರದೊಳಗಿನ ಆ ಗಡಿಯಾರವನ್ನು ಸೆಕೆಂಡಿಗೆ ಸಾವಿರ ಸಲ ಮಿಡಿಯುವಂತೆ ಇಟ್ಟಿದ್ದರು. ಅದು ಹಾಗೆ ಮಿಡಿಯುವಾಗ, ಉಳಿಸುವ ಹೊತ್ತಿನಲ್ಲಿ ಆಡುವವನು ರಿಮೋಟು ಅಲುಗಿಸಿದರೆ, ಒಂದು ತಂತಿಯ ಮಾತು ಇನ್ನೊಂದಕ್ಕೆ ಸೋರಿ ಕಾರ್ಡಿನ ಬರಹ ಕೆಡುತ್ತಿತ್ತು. ಗಡಿಯಾರವನ್ನು ನಿಧಾನ ಮಾಡಿದರು, ರೋಗ ಹೋಯಿತು. ಬರೆದದ್ದರಲ್ಲಿ ತಪ್ಪಿರಲಿಲ್ಲ, ಕೈ ಅಲುಗಿದಾಗ ನೆನಪು ಕೆಟ್ಟಿತ್ತು. ಈ ಕತೆ ಮೊದಲ ಸಲ ಓದಿದಾಗ ಸ್ವಾರಸ್ಯವೆಂದು ನಕ್ಕು ಮರೆತಿದ್ದೆ.

ಇನ್ನು ಹೊಸ ಆಟದ ವಿಷಯ. ಮೂರು ಆಟಗಳಾದ ಮೇಲೆ ಕಾರುಗಳ ಓಟದ ಇನ್ನೊಂದು ಆಟವನ್ನು 1999ರಲ್ಲಿ ಮಾಡಿ ನಾಟಿ ಡಾಗ್ ಹೆಗ್ಗಣರಾಯನಿಗೆ ಕೈಮುಗಿಯಿತು. ಅವನ ಹಕ್ಕು ಅವರದ್ದಾಗಿರಲೇ ಇಲ್ಲ. ಯೂನಿವರ್ಸಲ್‌ನಿಂದ ಕೈ ಬದಲಾಗುತ್ತ 2008ರಲ್ಲಿ ಆಕ್ಟಿವಿಷನ್ ಪಾಲಿಗೆ ಬಂತು. ಮರುಕಟ್ಟುವ ಕೆಲಸ ಬಿದ್ದದ್ದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಕಡೆಯ ವಿಕೇರಿಯಸ್ ವಿಷನ್ಸ್ ಎಂಬ ಸಂಸ್ಥೆಗೆ. ಕಾರ್ತಿಕ್ ಬಾಲಾ, ಗುಹಾ ಬಾಲಾ ಎಂಬ ಸೋದರರು ಹೈಸ್ಕೂಲು ಓದುವಾಗ ಹುಟ್ಟುಹಾಕಿದ ಸಂಸ್ಥೆ ಅದು. ಈ ಆಟ ಹೊರಬರುವ ಹಿಂದಿನ ವರ್ಷ ಇಬ್ಬರೂ ಅದನ್ನು ಬಿಟ್ಟಿದ್ದರು. 2022ರಲ್ಲಿ ಸಂಸ್ಥೆಯ ಹೆಸರೇ ಇಲ್ಲವಾಗಿ ಅದು ಬ್ಲಿಝಾರ್ಡ್ ಕಂಪನಿಯ ಆಲ್ಬನಿ ಶಾಖೆಯಾಯಿತು.

ಅವರ ಕೆಲಸ ನಮ್ಮ ಕಡೆಯ ದೇವಸ್ಥಾನಗಳ ಜೀರ್ಣೋದ್ಧಾರದ ಹಾಗಿತ್ತು. ಹಳೆಯ ಪ್ರೋಗ್ರಾಮನ್ನು ಬಳಸುವಂತಿರಲಿಲ್ಲ. ಹಂತಗಳ ಮೂಲ ಆಕಾರಗಳಲ್ಲಿ ಕೆಲವು ಸಿಕ್ಕವು, ಅದೂ ಬಿಡಿಸಿ ಓದಬೇಕಾದ ವಿಚಿತ್ರ ರೂಪದಲ್ಲಿ. ಆ ಅಳತೆ ಇಟ್ಟುಕೊಂಡು, ಹಳೆಯದನ್ನು ಆಡಿ ಆಡಿ ನೋಡುತ್ತ, ಗೋಡೆ, ಗಿಡ, ಬಂಡೆ, ಹೆಗ್ಗಣರಾಯನ ಮೈಯ ಒಂದೊಂದು ರೋಮ ಎಲ್ಲವನ್ನೂ ಹೊಸದಾಗಿ ಮಾಡಿದರು. ಗರ್ಭಗುಡಿಯ ಅಳತೆ ಅದೇ, ಕಲ್ಲು ಹೊಸದು. ಹಿಂದೆ ತೀರ ಕಷ್ಟವೆಂದು ಮೊದಲ ಆಟದಿಂದ ಕೈಬಿಟ್ಟು, ಆದರೂ ಡಿಸ್ಕಿನಲ್ಲಿ ಗುಟ್ಟಾಗಿ ಉಳಿದಿದ್ದ ‘ಸ್ಟಾರ್ಮಿ ಅಸೆಂಟ್’ ಎಂಬ ಹಂತವನ್ನೂ 2017ರಲ್ಲಿ ಹೊಸ ರೂಪದಲ್ಲಿ ಹೊರಗೆ ತಂದರು. ಸಂಪಾದಕರು ಬಿಟ್ಟುಹೋದ ಗರಿಯನ್ನು ಹುಡುಕಿ ಗ್ರಂಥಕ್ಕೆ ಸೇರಿಸಿದ ಹಾಗೆ. ಉಳಿಸುವ ಪೀಡೆಯೂ ಹೋಯಿತು; ಈಗ ಯಂತ್ರ ತಾನಾಗಿ ಉಳಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಇಲ್ಲ, ಬರೆದಿಡುವ ಪುಸ್ತಕ ಬೇಡ.

ಒಂದೇ ಕಡೆ ಅಳತೆ ತಪ್ಪಿತು, ಅದು ಪಾದ. ಮೂರೂ ಆಟಗಳಿಗೆ ಒಂದೇ ನಡಿಗೆ ಇರಲೆಂದು ಮೂರನೆಯ ಆಟದ ನಡಿಗೆಯನ್ನು ಮಾದರಿಯಾಗಿ ತೆಗೆದುಕೊಂಡಿದ್ದರು. ಹೆಗ್ಗಣರಾಯ ಈಗ ಮೊದಲಿಗಿಂತ ಬೇಗ ಕೆಳಗಿಳಿಯುತ್ತಾನೆ. ಅದಲ್ಲದೆ ಪ್ರತಿ ಪಾತ್ರಕ್ಕೂ ಕಣ್ಣಿಗೆ ಕಾಣದ ಒಂದು ಆಕಾರವಿರುತ್ತದೆ. ಅದು ನೆಲಕ್ಕೆ ತಾಗಿದರೆ ಯಂತ್ರ ‘ನಿಂತ’ ಎಂದು ಲೆಕ್ಕ ಹಿಡಿಯುತ್ತದೆ. ಹಳೆಯ ಆಟದಲ್ಲಿ ಅದರ ತಳ ಚಪ್ಪಟೆ. ಹೊಸದರಲ್ಲಿ ಔಷಧದ ಗುಳಿಗೆಯ ಹಾಗೆ ಉರುಟು. ಹಲಗೆಯ ಅಂಚಿಗೆ ತಾಗಿದ ಕಾಲು ಮೊದಲಾದರೆ ನಿಲ್ಲುತ್ತಿತ್ತು, ಈಗ ಜಾರುತ್ತದೆ. ಮೊದಲ ಆಟದ ಹಂತಗಳೋ ಕೂದಲೆಳೆಯ ಅಳತೆಯವು. ಹಳಬರೆಲ್ಲ ಗೋಳಾಡಿದರು. ಜಿಗಿತದಲ್ಲಿ ವ್ಯತ್ಯಾಸವಿದೆ ಎಂದು 2017ರ ಜುಲೈಯಲ್ಲಿ ಆಕ್ಟಿವಿಷನ್ ಒಪ್ಪಿಕೊಂಡು, ಹೊಸಬರು ಮೂರನೆಯ ಆಟದಿಂದ ಶುರು ಮಾಡುವುದು ಒಳ್ಳೆಯದೆಂದು ಬುದ್ಧಿ ಹೇಳಿತು.

ನಾನು ಹೊಸಬನೇ? ಮೊದಲ ಆಟದಿಂದಲೇ ಶುರು ಮಾಡಿದೆ. ಆಶ್ಚರ್ಯವೆಂದರೆ, ಐವತ್ತರ ಹತ್ತಿರದ ಈ ಬೆರಳುಗಳಿಗೆ ಎಲ್ಲ ನೆನಪಿತ್ತು. ಮೊದಲ ಕಡಲತೀರದಲ್ಲಿ ಯಾವ ಪೊದೆಯ ಹಿಂದೆ ಪೆಟ್ಟಿಗೆಯಿದೆ, ಉರುಳುವ ಬಂಡೆಗೆ ಬೆನ್ನು ಕೊಟ್ಟು ಓಡುವಾಗ ಎಲ್ಲಿ ಹಾರಬೇಕು, ಕಾಡುಹಂದಿಯ ಸವಾರಿಯಲ್ಲಿ ಎಡಕ್ಕೆ ಯಾವಾಗ ವಾಲಬೇಕು, ಇದೆಲ್ಲ ತಲೆಗೆ ಗೊತ್ತಾಗುವ ಮೊದಲೇ ಬೆರಳು ಮಾಡಿ ಮುಗಿಸುತ್ತಿತ್ತು. ಪಾದ ಜಾರುವುದಕ್ಕೂ ನಾಲ್ಕು ದಿನದಲ್ಲಿ ಒಗ್ಗಿಕೊಂಡೆ. ಮೂರನೆಯ ದ್ವೀಪದಲ್ಲಿ ‘ದಿ ಹೈ ರೋಡ್’ ಎಂಬ ಹಂತ ಬಂತು. ಮಂಜು ಮುಸುಕಿದ ಕಮರಿ, ಅದರ ಮೇಲೆ ಹಗ್ಗದ ತೂಗುಸೇತುವೆ. ಹಲಗೆಗಳಲ್ಲಿ ಅರ್ಧ ಮುರಿದಿವೆ, ಕೆಲವು ಕಾಲಿಟ್ಟೊಡನೆ ಕಳಚುತ್ತವೆ, ಒಂದೆರಡು ಕಡೆ ಆಮೆಯ ಬೆನ್ನಿನ ಮೇಲೆ ಹಾರಿಯೇ ದಾಟಬೇಕು. ಇಪ್ಪತ್ತೈದು ವರ್ಷ ಹುಡುಗರಿಗೆ ಹೇಳಿದ ಸೇತುವೆ ಇದೇ. ಧೈರ್ಯವಾಗಿ ಕಾಲಿಟ್ಟೆ.

ಬೆರಳುಗಳಿಗೆ ಏನೂ ನೆನಪಿರಲಿಲ್ಲ. ಎಲ್ಲಿ ಹಾರಬೇಕು, ಎಲ್ಲಿ ಕಾಯಬೇಕು ಒಂದೂ ತಿಳಿಯದು. ನಾಲ್ಕನೆಯ ಹಲಗೆ, ಆರನೆಯ ಹಲಗೆ, ಮತ್ತೆ ನಾಲ್ಕನೆಯದು. ಒಂದು ಸಂಜೆಯಿಡೀ ಬಿದ್ದೆ. ಮೊದಲು ಉರುಟು ಪಾದವನ್ನು ಬೈದೆ, ಆಮೇಲೆ ವಯಸ್ಸನ್ನು. ಆದರೆ ಸಂಶಯವೊಂದು ಹುಟ್ಟಿತು: ಹಿಂದಿನ ಎಲ್ಲ ಹಂತ ನೆನಪಿಟ್ಟುಕೊಂಡ ಬೆರಳು, ನೂರು ಸಲ ಬಿದ್ದು ಎದ್ದ ಈ ಒಂದನ್ನೇ ಹೇಗೆ ಮರೆಯಿತು? ರಾತ್ರಿ ತಂಗಿಗೆ ಫೋನು ಮಾಡಿದೆ. ಅವಳೀಗ ಶಿವಮೊಗ್ಗದಲ್ಲಿದ್ದಾಳೆ. ಹಳೆಯ ಆಟದ ಸುದ್ದಿ ಹೇಳಿ, ಸೇತುವೆಯಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದೆ. ಅವಳು ಒಂದು ಕ್ಷಣವೂ ತಡೆಯಲಿಲ್ಲ.

‘ಅಣ್ಣ, ನೀ ಹಲ್ಗಿ ಮೇಲ್ ಎಂತಕ್ ಹಾರೂದ್? ಹಗ್ಗದ್ ಮೇಲ್ ಹೋಯ್ಕ್ ಮಾರಾಯ!’

ಸೇತುವೆಯ ಪಕ್ಕದ ಹಗ್ಗದ ಮೇಲೇ ಹತ್ತಿ ನಡೆದು ಹೋಗಬಹುದೆಂಬುದು ಹಳೆಯ ಆಟಗಾರರೆಲ್ಲ ಬಲ್ಲ ಉಪಾಯ. ನನಗೆ ಗೊತ್ತೇ ಇರಲಿಲ್ಲ. ‘ನಿನಗೆ ಯಾರು ಹೇಳಿಕೊಟ್ಟರು?’ ಎಂದೆ. ‘ಯಾರ್ ಹೇಳೂದ್? ನಾನೇ ಅಲ್ದಾ ದಾಟಿಸಿದ್? ಹಾಲಿನ್ ಪುಸ್ತಕದಗ್ ಬರ್ದ್ ಇಟ್ಟಿದ್ನಲೆ. ಅಮ್ಮನ್ ಪೆಟ್ಗಿ ಒಳ್ಗೆ ಇತ್ತಾ ಕಾಣ್’ ಎಂದಳು. ಅಷ್ಟು ಹೇಳಿ ಮಗಳ ಪರೀಕ್ಷೆಯ ಮಾತಿಗೆ ಹೊರಳಿದಳು. ಅವಳಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

ಅಮ್ಮ ಕಾಗದ ಎಸೆಯುವವಳಲ್ಲ. ಪೆಟ್ಟಿಗೆಯಲ್ಲಿ ಹಳೆಯ ತೆರಿಗೆ ರಶೀದಿ, ಮದುವೆಯ ಕರೆಯೋಲೆಗಳ ಕೆಳಗೆ ಡೈರಿಗೆ ಹಾಲು ಹಾಕುತ್ತಿದ್ದ ಲೆಕ್ಕದ ಪುಸ್ತಕಗಳು ಕಟ್ಟಾಗಿ ಸಿಕ್ಕವು. ಲೆಕ್ಕ ಬರೆಯುವುದು ತಂಗಿಯ ಕೆಲಸವಾಗಿತ್ತು. ತಾರೀಕು, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು. 1999ರ ಆಗಸ್ಟಿನ ಒಂದು ಪುಟದ ಅಂಚಿನಲ್ಲಿ ಅವಳ ಉರುಟು ಕೈಬರಹದಲ್ಲಿ ತ್ರಿಕೋನ, ವೃತ್ತ, ಚೌಕ, ಕತ್ತರಿಗಳು ಸಾಲಾಗಿ ನಿಂತಿದ್ದವು. ಎದುರಿಗೆ ‘ಸೇತುವೆ ಆಯ್ತು’ ಎಂಬ ಎರಡು ಶಬ್ದ. ತಾರೀಕು 11. ಸಂಜೆಯ ಕಾಲಮಿನಲ್ಲಿ ಹಾಲಿನ ಅಂಕಿಯ ಬದಲು ‘ಗ್ರಹಣ’ ಎಂದು ಬರೆದಿತ್ತು.

ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣದ ನಿಮಿತ್ತ ಭೂಮಿ ದಾನ ಕೊಟ್ಟ ಉಲ್ಲೇಖಗಳು ಬೇಕಾದಷ್ಟಿವೆ. ಅರಸರು ದಾನ ಮಾಡಿದ್ದು ಪುಣ್ಯಕ್ಕೆ. ಪ್ರಯೋಜನವಾದದ್ದು ಇತಿಹಾಸಕಾರರಿಗೆ, ಕಾಲ ನಿರ್ಣಯಕ್ಕೆ. ನನಗೂ ಆದದ್ದು ಹಾಗೆಯೇ. 1999ರ ಆಗಸ್ಟ್ 11, ಬುಧವಾರ, ಆಷಾಢದ ಅಮಾವಾಸ್ಯೆ, ಸಂಜೆ ಸೂರ್ಯಗ್ರಹಣ. ಆ ಸಂಜೆ ನಾನ್ಯಾರ ಜೊತೆ ಎಲ್ಲಿದ್ದೆನೆಂದು ಚೆನ್ನಾಗಿ ನೆನಪಿದೆ. ಮಂಗಳಗಂಗೋತ್ರಿಯ ಹಾಸ್ಟೆಲ್ಲಿನ ತಾರಸಿಯ ಮೇಲೆ ಗೆಳೆಯರ ಜೊತೆ ಎಕ್ಸ್‌ರೇ ಫಿಲ್ಮು ಹಿಡಿದುಕೊಂಡು ಮೋಡ ಸರಿಯುವುದನ್ನು ಕಾಯುತ್ತಿದ್ದೆ. ಇತ್ತ ಮನೆಯಲ್ಲಿ ಗ್ರಹಣವೆಂದು ಬಾಗಿಲು ಹಾಕಿ, ಯಾರೂ ಹೊರಗೆ ಹೋಗದೆ, ಅಡುಗೆಯೂ ಇಲ್ಲದೆ ಕೂತಿದ್ದಾಗ, ಕೆಲಸ ಹೇಳುವವರಿಲ್ಲದ ಆ ಒಂದು ಸಂಜೆ ತಂಗಿಯ ಕೈಗೆ ರಿಮೋಟು ಸಿಕ್ಕಿತ್ತು. ಕರೆಂಟೂ ಕೈಕೊಟ್ಟಿರಲಿಲ್ಲ.

ಆದರೂ ಮೇಷ್ಟ್ರ ಬುದ್ಧಿ. ದಾಖಲೆ ಖೋಟಾ ಅಲ್ಲವಷ್ಟೆ? ಪರೀಕ್ಷಿಸಲು ಹೊಸ ಆಟದಲ್ಲಿ ಪಾಸ್‌ವರ್ಡ್ ಒತ್ತುವ ಜಾಗವೇ ಇಲ್ಲ. ಹಳೆಯ ಯಂತ್ರವನ್ನು ಯಾವಾಗಲೋ ಯಾರಿಗೋ ಕೊಟ್ಟಾಗಿತ್ತು, ಡಿಸ್ಕು ಮಾತ್ರ ಉಳಿದಿತ್ತು. ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಇಟ್ಟುಕೊಳ್ಳುವ ಹವ್ಯಾಸದ ನನ್ನ ಹಿಂದಿನ ವಿದ್ಯಾರ್ಥಿಯೊಬ್ಬನ ಮನೆಗೆ ಡಿಸ್ಕು, ಹಾಲಿನ ಪುಸ್ತಕ ಎರಡನ್ನೂ ಹೊತ್ತುಕೊಂಡು ಹೋದೆ. ಗೆರೆ ಬಿದ್ದ ಡಿಸ್ಕು ಎರಡು ಸಲ ಮುನಿಸಿಕೊಂಡು ಮೂರನೆಯ ಸಲಕ್ಕೆ ಎದ್ದಿತು. ನಾನು ಓದಿ ಹೇಳಿದೆ, ಅವನು ಒತ್ತಿದ: ತ್ರಿಕೋನ, ಕತ್ತರಿ, ವೃತ್ತ. ನಕ್ಷೆ ತೆರೆಯಿತು. ಮೂರನೆಯ ದ್ವೀಪ, ಹಿಂದೆ ಬಿಟ್ಟ ಸೇತುವೆ, ಅದರಾಚೆ ಕೋಟೆಯ ಬುಡ. ‘ಸರ್, ನೀವು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಇದನ್ನೇ ಅಲ್ಲವೇ?’ ಎಂದು ಅವನು ಸಂತೋಷದಿಂದ ಕೇಳಿದ. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಏನಾಗಿರಬೇಕೆಂದು ಈಗ ಊಹಿಸಬಲ್ಲೆ. ಆ ಶನಿವಾರ ನಾನು ಮನೆಗೆ ಬಂದಾಗ ಅವಳು ಈ ಗುರುತುಗಳನ್ನು ಒತ್ತಿ ಕೋಟೆಯ ಬಾಗಿಲು ತೆರೆದುಕೊಟ್ಟಿರಬೇಕು. ನಾನು ಅಲ್ಲಿಂದ ಮುಂದೆ ಆಡಿದೆ. ಸೇತುವೆಯ ಮೇಲೆ ಅದಕ್ಕೆ ಮೊದಲಿನ ವಾರಗಳಲ್ಲಿ ನಾನು ಬಿದ್ದದ್ದೂ ನಿಜ, ಆಚೆ ಓಡಾಡಿದ್ದೂ ನಿಜ. ನಡುವಿನ ಮುರಿದ ಹಲಗೆಯನ್ನು ನೆನಪು ತಾನೇ ಮಾಡಿ ಕೂರಿಸಿತು. ಬೇಕೆಂದು ಹೇಳಿದ ಸುಳ್ಳಲ್ಲ. ಆದರೆ ಆ ಹಲಗೆ ಯಾವ ಮರದ್ದೆಂದು ನಾನು ಒಂದು ದಿನವೂ ಬಗ್ಗಿ ನೋಡಲಿಲ್ಲ.

ಇದಿಷ್ಟೇ ಆಗಿದ್ದರೆ ನಗಬಹುದಿತ್ತು. ಮರುವರ್ಷ ತಂಗಿಗೆ ಪಿ.ಯು.ಸಿ.ಯಲ್ಲಿ ಅಂದುಕೊಂಡಷ್ಟು ಅಂಕ ಬರಲಿಲ್ಲ. ‘ಇಡೀ ವರ್ಷ ಆ ಹೆಗ್ಗಣದ ಎದುರೇ ಕೂತಿದ್ದಳು’ ಎಂದು ಅಮ್ಮ ಬಂದವರಿಗೆಲ್ಲ ಹೇಳಿದಳು. ನಾನೂ ಅಲ್ಲೇ ಇದ್ದೆ. ಅವಳಿಗೆ ಸಿಗುತ್ತಿದ್ದದ್ದು ನಾನು ಉಣ್ಣುವಷ್ಟು ಹೊತ್ತು ಮತ್ತು ಹಟ್ಟಿಯ ಕೆಲಸ ಮುಗಿದು ಉಳಿದ ಅರ್ಧ ಗಂಟೆ ಎಂದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕಂಪ್ಯೂಟರು ಓದಬೇಕೆಂದಿದ್ದ ಹುಡುಗಿ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಸೇರಿದಳು. ಆಟವೇ ಅದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ, ಮನೆಯಲ್ಲಿ ದುಡ್ಡೂ ಇರಲಿಲ್ಲ. ಆದರೆ ಬೈಗಳ ಬಂದಾಗ ಆಡಿದವಳು ಅವಳಾದಳು, ಹೊಗಳಿಕೆ ಬಂದಾಗ ಆಡಿದವನು ನಾನಾದೆ. ಅರಮನೆ ಕಟ್ಟಿದ ಕಲ್ಲುಕುಟಿಗರ ಹೆಸರು ಇತಿಹಾಸದಲ್ಲಿ ಇಲ್ಲವೆಂದು ಕ್ಲಾಸಿನಲ್ಲಿ ಮರುಗುವ ಮನುಷ್ಯ ನಾನು.

ಹೊಸ ಆಟದಲ್ಲಿ ಹೆಗ್ಗಣರಾಯನಿಗೊಬ್ಬಳು ತಂಗಿಯಿದ್ದಾಳೆ, ಕೋಕೊ. ಮೊದಲ ಆಟದಲ್ಲಿ ಅವಳು ಇರಲೇ ಇಲ್ಲ. 1997ರ ಎರಡನೆಯದರಲ್ಲಿ ಕಂಪ್ಯೂಟರು ಹಿಡಿದು ಅಣ್ಣನಿಗೆ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಬಂದಳು. 1998ರ ಮೂರನೆಯದರಲ್ಲಿ ಚೀನಾದ ಮಹಾಗೋಡೆಯ ಮೇಲೆ ಹುಲಿಮರಿ ಏರಿ ಓಡುವಂಥ ಕೆಲವು ಹಂತಗಳು ಅವಳ ಪಾಲಿಗೆ ಸಿಕ್ಕವು. 2017ರಲ್ಲಿ ಮರುಕಟ್ಟಿದವರು, ಅವಳೇ ಇಲ್ಲದ ಮೊದಲ ಆಟದಲ್ಲೂ ಹೆಚ್ಚಿನ ಎಲ್ಲ ಹಂತಗಳನ್ನು ಅವಳಾಗಿಯೇ ಆಡುವ ಅವಕಾಶ ಮಾಡಿಕೊಟ್ಟರು. ಕಾಲಯಂತ್ರದಲ್ಲಿ ಹಿಂದಕ್ಕೆ ಬಂದಳೆಂದು ಒಂದು ನೆಪ. ಮೊದಲ ಸಲ ಅವಳನ್ನು ಕಡಲತೀರದಲ್ಲಿ ಕಂಡಾಗ ನನ್ನೊಳಗಿನ ಮೇಷ್ಟ್ರು ಹುಬ್ಬು ಗಂಟಿಕ್ಕಿದ್ದ: ಇದು ಪ್ರಕ್ಷೇಪ, ಮೂಲ ಪಾಠದಲ್ಲಿ ಇದಿಲ್ಲ. ಹಾಲಿನ ಪುಸ್ತಕ ಕಂಡ ಮೇಲೆ ಆ ಮಾತನ್ನು ಅಷ್ಟು ಸಲೀಸಾಗಿ ಹೇಳಲಾರೆ. ಡಿಸ್ಕಿನ ಮೂಲ ಪಾಠದಲ್ಲಿ ತಂಗಿ ಇರಲಿಲ್ಲ, ನಿಜ. ಡಿಸ್ಕು ತಿರುಗುತ್ತಿದ್ದ ಚಾವಡಿಯಲ್ಲಿ ಇದ್ದಳು. ಜೀರ್ಣೋದ್ಧಾರ ಮಾಡಿದವರು ಪಾದದ ಅಳತೆಯಲ್ಲಿ ತಪ್ಪಿದರು, ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಹೊಸದಾಗಿ ಸೇರಿಸಿದ್ದನ್ನು ಹೊಸದೆಂದೇ ಹೇಳಿದರು. ನನ್ನ ಜೀರ್ಣೋದ್ಧಾರದಲ್ಲಿ ಆ ಪ್ರಾಮಾಣಿಕತೆ ಇರಲಿಲ್ಲ.

ನವರಾತ್ರಿಗೆ ತಂಗಿ ಮಗಳನ್ನು ಕರೆದುಕೊಂಡು ಬಂದಳು. ಊಟವಾದ ಮೇಲೆ ಯಂತ್ರ ಹಾಕಿ ರಿಮೋಟು ಅವಳ ಕೈಗಿಟ್ಟೆ. ಅಮ್ಮನೂ ಅಲ್ಲೇ ಕೂತಿದ್ದಳು. ಹಾಲಿನ ಪುಸ್ತಕ ಮುಂದಿಟ್ಟು ಎಲ್ಲರೆದುರು ಹೇಳಬೇಕಾದದ್ದನ್ನು ಹೇಳಿದೆ: ದಾಟಿಸಿದ್ದು ಇವಳು, ಆ ವರ್ಷ ಹೆಚ್ಚು ಹೊತ್ತು ಆಡಿದ್ದು ನಾನು. ಅಮ್ಮ ಪುಸ್ತಕ ತಿರುವಿ ‘ಆ ವರ್ಷ ಕಪ್ಪು ದನ ಎಷ್ಟು ಹಾಲು ಕೊಟ್ಟಿತ್ತು ನೋಡು’ ಎಂದಳು. ತಂಗಿ ನಕ್ಕಳು. ಅವಳು ಕೋಕೊಳನ್ನೇ ಆರಿಸಿಕೊಂಡಳು. ಉರುಟು ಪಾದ ಅವಳನ್ನೂ ಎರಡು ಸಲ ಜಾರಿಸಿತು. ಮೂರನೆಯ ಸಲ ಹಗ್ಗ ಹತ್ತಿ, ನಾಲಿಗೆ ಕಚ್ಚಿಕೊಂಡು, ಉಸಿರು ಬಿಡದೆ ನಡೆದು ಆಚೆ ದಡ ಮುಟ್ಟಿಸಿದಳು. ಆಮೇಲೆ ರಿಮೋಟು ನನ್ನತ್ತ ಚಾಚಿ ‘ಇಗಾ, ಈಗ ನೀ ದಾಟ್’ ಎಂದಳು.

ಕ್ಲಾಸಿನಲ್ಲಿ ಈಗ ಆ ಕತೆಯನ್ನು ಬದಲಿಸಿ ಹೇಳುತ್ತೇನೆ. ತಾರೀಕು, ಗ್ರಹಣ, ಹಾಲಿನ ಪುಸ್ತಕ ಎಲ್ಲ ಬರುತ್ತದೆ. ಆಧಾರ ಎಂದರೇನೆಂದು ಹುಡುಗರಿಗೆ ಪಾಠಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಕೊನೆಗೆ ಯಾರಾದರೊಬ್ಬ ‘ಹಾಗಾದರೆ ನೀವು ದಾಟಲೇ ಇಲ್ಲವೇ ಸರ್?’ ಎಂದು ಕೇಳುತ್ತಾನೆ. ಇದನ್ನು ಬರೆಯುತ್ತಿರುವ ಹೊತ್ತಿನವರೆಗೂ ಇಲ್ಲ. ಹಗ್ಗದ ಮೇಲೆ ಅರ್ಧ ದಾರಿಯವರೆಗೆ ಹೋಗಿದ್ದೇನೆ.